ಆ ದಿನ ಗಾಳಿ ಆಚೆ ಇತ್ತು

ನಾನು ಕುಮಟಾ ಸ್ಟೇಷನ್ನಿಗೆ ಹೋಗಲಿಲ್ಲ. ಹೋಗುತ್ತೇನೆಂದು ಅಣ್ಣನಿಗೆ ಹೇಳಿಯೇ ಮನೆಯಿಂದ ಹೊರಟಿದ್ದೆ. ಡೀಸೆಲ್ ಎಂಜಿನ್ ಎಳೆಯುವ ಕಡೆಯ ಪ್ಯಾಸೆಂಜರ್ ಗಾಡಿ ಅಲ್ಲಿ ನಿಲ್ಲುವಾಗ ಎದುರು ನಿಂತು ನೋಡಿ, ಬಂದು ಅವನಿಗೆ ಹೇಳುವುದು ನನ್ನ ಕೆಲಸವಾಗಿತ್ತು. ನೋಡದೆ ವಾಪಸು ಬಂದೆ. ಬಂದವಳು, ನೋಡಿದೆ ಎಂದೆ.

ಒಂದು ಎಂಜಿನ್ ನೋಡಿದರೆಷ್ಟು, ಬಿಟ್ಟರೆಷ್ಟು ಎಂದು ಆ ದಿನ ನನಗೆ ಅನಿಸಿತ್ತು. ಓದುವವರಿಗೂ ಹಾಗೇ ಅನಿಸಬಹುದು. ಅದಕ್ಕೇ ಅಣ್ಣ ಎಂಥವನು, ಅವನಿಗೆ ನನ್ನ ಕಣ್ಣು ಯಾಕೆ ಬೇಕಿತ್ತು ಎಂಬುದನ್ನು ಮೊದಲು ಹೇಳುತ್ತೇನೆ.

ಅಣ್ಣ ಹೊನ್ನಾವರದಲ್ಲಿ ಹೈಸ್ಕೂಲು ಗುಮಾಸ್ತನಾಗಿದ್ದ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಟೈಮ್‌ಟೇಬಲ್ ಹೊಂದಲಿಲ್ಲ" ಎನ್ನುತ್ತಿದ್ದ. ಅವನ ಮನೆ ಶರಾವತಿಯ ದಡಕ್ಕೆ ಹತ್ತಿರ. ಜಗಲಿಯಲ್ಲಿ ಕೂತರೆ ತೆಂಗಿನ ಮರಗಳ ಸಂದಿಯಲ್ಲಿ ರೈಲು ಸೇತುವೆ ಕಾಣುತ್ತದೆ. ಜಾಗ ನೋಡಲು ಬಂದವರೆಲ್ಲ ಬಾವಿಯ ನೀರು ಸಿಹಿಯೋ ಉಪ್ಪೋ ಎಂದು ಕೇಳಿದರೆ, ಇವನು ಸೇತುವೆ ಕಾಣುತ್ತದೋ ಎಂದು ಕೇಳಿದ್ದನಂತೆ. ನೀರು ಇವತ್ತಿಗೂ ಉಪ್ಪು.

ಘಟ್ಟದ ಮೇಲಿನ ಊರೊಂದರಲ್ಲಿ ರೈಲಿನ ಹುಚ್ಚು ಹಿಡಿದವರು ಸೇರಿ ಸಣ್ಣದೊಂದು ಪತ್ರಿಕೆ ನಡೆಸುತ್ತಾರೆ. ಮೂರು ತಿಂಗಳಿಗೊಮ್ಮೆ ಅಂಚೆಯಲ್ಲಿ ಬರುತ್ತದೆ. ಅಣ್ಣ ಅದಕ್ಕೆ ಮೊದಲ ಸಂಚಿಕೆಗಳಿಂದಲೇ ಬರೆಯುತ್ತ ಬಂದವನು. ‘ಸೇತುವೆಯಿಂದ’ ಎಂದು ಅವನ ಅಂಕಣದ ಹೆಸರು. ಯಾವ ಗಾಡಿಗೆ ಯಾವ ಎಂಜಿನ್ ಬಂತು, ಯಾವ ಸ್ಟೇಷನ್ನಿನಲ್ಲಿ ಯಾವ ಗಾಡಿ ಎದುರಿನದಕ್ಕೆ ದಾರಿ ಬಿಟ್ಟು ನಿಂತಿತು, ಮಳೆಗಾಲದ ವೇಳಾಪಟ್ಟಿ ಶುರುವಾದ ಮೇಲೆ ಸೇತುವೆಯ ಸದ್ದು ಹೇಗೆ ನಿಧಾನವಾಯಿತು, ಇಂಥವು. ಇದನ್ನೆಲ್ಲ ಓದುವವರು ಇದ್ದಾರೆಯೇ ಎಂದು ನಾನು ಒಮ್ಮೆ ಕೇಳಿದ್ದೆ. "ನಿನ್ನ ಹಾಡು ಕೇಳುವವರು ಇಲ್ವಾ? ಹಾಗೇ" ಎಂದಿದ್ದ.

ಅದೇ ಪತ್ರಿಕೆಗೆ ಭಟ್ಕಳದಿಂದ ಒಬ್ಬರು ಬರೆಯುತ್ತಿದ್ದರು. ಅವರದು ಪೇಟೆಯಲ್ಲಿ ಕೊಡೆ, ಬ್ಯಾಗುಗಳ ಅಂಗಡಿ. ಮನೆಮಾತು ನವಾಯತಿ, ಬರೆಯುವ ಕನ್ನಡ ಮಾತ್ರ ಅಣ್ಣನದಕ್ಕಿಂತ ಚೊಕ್ಕ. ಅಣ್ಣ ಅವರನ್ನು ಕರೆಯುವುದು ಸಾಯ್ಬ್ರೇ ಎಂದು, ಅವರು ಅಣ್ಣನನ್ನು ಕರೆಯುವುದು ಗುಮಾಸ್ತರೇ ಎಂದು. ಅವರ ಅಂಕಣ ‘ತಿದ್ದುಪಡಿ’. ಹಿಂದಿನ ಸಂಚಿಕೆಯಲ್ಲಿ ಯಾರು ಎಲ್ಲಿ ತಪ್ಪು ಬರೆದರು ಎಂದು ಹುಡುಕಿ ಹೇಳುವುದು ಅವರ ಕೆಲಸ. ಪತ್ರಿಕೆಯಲ್ಲಿ ಇದಕ್ಕೊಂದು ಪದ್ಧತಿ ಇತ್ತು. ತಪ್ಪು ಬರೆದವರು ಮುಂದಿನ ಸಂಚಿಕೆಯಲ್ಲಿ ತಮ್ಮ ಅಂಕಣದ ಮೇಲೆ ಒಂದೇ ಪದ ಹಾಕಬೇಕು: ‘ಒಪ್ಪಿದೆ’. ಕಾರಣ ಹೇಳುವ ಹಾಗಿಲ್ಲ, ಸಮಜಾಯಿಷಿ ಕೊಡುವ ಹಾಗಿಲ್ಲ. ಮೀಟರ್‌ಗೇಜ್ ಕಾಲದ ಕತೆ ಬರೆಯುವ ನಿವೃತ್ತ ಗಾರ್ಡು ಎಷ್ಟೋ ಸಲ ಒಪ್ಪಿದ್ದರು. ವೇಟಿಂಗ್ ರೂಮುಗಳ ಬಗ್ಗೆ ಬರೆಯುವ ಟೀಚರಮ್ಮ ಒಪ್ಪಿದ್ದರು. ಸಂಪಾದಕರೂ ಒಪ್ಪಿದ್ದರು. ಇಷ್ಟು ವರ್ಷದಲ್ಲಿ ಒಪ್ಪಿದೆ ಎಂದು ಬರೆಯದೆ ಉಳಿದವನು ನಮ್ಮ ಅಣ್ಣ ಒಬ್ಬನೇ.

ಭಾನುವಾರ ಸಾಯ್ಬ್ರ ಫೋನು ಬರುತ್ತಿತ್ತು. ಅಣ್ಣ ಸ್ಪೀಕರ್ ಹಾಕಿ ಇಡುತ್ತಿದ್ದ, ನಾನು ಒಳಗಿಂದ ಕೇಳುತ್ತಿದ್ದೆ.

"ಈ ಸಲವೂ ನೀವು ಸಿಕ್ಕಲಿಲ್ಲ ಗುಮಾಸ್ತರೇ."

"ನನ್ನ ಹಿಡೀಲಿಕ್ಕೆ ನಿಮ್ಮ ಕೊಡೆಕಡ್ಡಿ ಸಾಕಾಗೂದಿಲ್ಲ ಸಾಯ್ಬ್ರೇ. ಕೊಕ್ಕೆ ಬೇಕು, ಕೊಕ್ಕೆ."

"ಕಾಯ್ತೇನೆ. ನೀವು ಎಂತ, ಮುದುಕ ಆಗೂದೇ ಇಲ್ವಾ?"

"ಆಗ್ತೆ. ಆದ್ರೆ ನಿಮ್ಮ ಹಿಂದಿನ ಗಾಡಿಗೆ."

ಅಣ್ಣ ಸಿಕ್ಕಿಬೀಳದೆ ಇದ್ದದ್ದಕ್ಕೆ ಕಾರಣ ಸರಳ. ಅವನು ನೋಡಿದ್ದನ್ನು ಬರೆಯುತ್ತಿದ್ದ, ಇಲ್ಲವೇ ಕೇಳಿದ್ದನ್ನು. ಬೇರೆಯವರು ಹೀಗಂತೆ ಎಂದು ಹೇಳಿದ್ದು ಎಷ್ಟೇ ಚಂದ ಇದ್ದರೂ ಬರೆಯುತ್ತಿರಲಿಲ್ಲ.

ನಾನು ಓದಿದ್ದು ನಾಲ್ಕನೇ ಇಯತ್ತೆಯವರೆಗೆ. ಕಾಗಾಲಕ್ಕೆ ಮದುವೆಯಾಗಿ ಹೋದೆ. ಗದ್ದೆ, ಬಸಳೆ ಚಪ್ಪರ, ಗೆಣಸು, ಕುಮಟಾ ಸಂತೆ, ಇದರಲ್ಲಿ ವರ್ಷಗಳು ಕಳೆದವು. ನನಗೆ ಬರುತ್ತಿದ್ದದ್ದು ಹಾಡು. ಅತ್ತೆ ಕಲಿಸಿದ್ದು. ಮದುವೆ ಮನೆಗಳಲ್ಲಿ ಒಬ್ಬಳು ಹಾಡು ಎತ್ತಬೇಕು, ಉಳಿದವರು ಹಿಡಿಯಬೇಕು. ಅತ್ತೆ ಹೋದ ಮೇಲೆ ಎತ್ತುವವಳು ನಾನೇ ಆದೆ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದೆ. ಹೊತ್ತಿಗೆ ಸರಿಯಾಗಿಯೇ ಬಂದೆ ಎನ್ನಬೇಕು. ಸಕ್ಕರೆ ಕಾಯಿಲೆ ಅವನ ಕಣ್ಣನ್ನು ತಿನ್ನುತ್ತಿತ್ತು. ಮೊದಲು ಎಂಜಿನ್ನಿನ ನಂಬರು ಹೋಯಿತು, ಆಮೇಲೆ ಬಣ್ಣ, ಆಮೇಲೆ ಸೇತುವೆಯೇ ಹೋಯಿತು.

ಕಣ್ಣು ಹೋದರೂ ಅಂಕಣ ನಿಲ್ಲಲಿಲ್ಲ. ಅವನು ಫೋನಿನಲ್ಲಿ ಮಾತಾಡಿ ಕಳಿಸುತ್ತಿದ್ದ, ಪತ್ರಿಕೆಯವರು ಅಲ್ಲಿ ಬರೆದುಕೊಳ್ಳುತ್ತಿದ್ದರು. ಪತ್ರಿಕೆ ಬಂದ ಮೇಲೆ ನಾನು ಓದಿ ಹೇಳಬೇಕು. ಶುರುವಿಗೆ ಅಕ್ಷರ ಕೂಡಿಸಿ ಕೂಡಿಸಿ ಓದುವಷ್ಟರಲ್ಲಿ ಅವನಿಗೆ ನಿದ್ದೆ ಬರುತ್ತಿತ್ತು. "ಪ್ಯಾಸೆಂಜರ್ ಗಾಡಿ ಹಾಗೆ ಓದ್ತೆ ಮಾರಾಯ್ತಿ, ಎಲ್ಲಾ ಸ್ಟೇಷನ್ನಲ್ಲೂ ನಿಲ್ಲಿಸಿ" ಎನ್ನುತ್ತಿದ್ದ. ನನಗೆ ಓದು ಸಲೀಸಾದದ್ದು ಆ ಪತ್ರಿಕೆಯಿಂದ. ಇವತ್ತು ಇಷ್ಟು ಬರೆಯುವ ಧೈರ್ಯ ಬಂದದ್ದೂ ಅದರಿಂದಲೇ.

ಆಗ ಅವನ ಅಂಕಣವೆಲ್ಲ ಕಿವಿಯದು. ಬೆಳಿಗ್ಗೆ ಚಾ ಕುಡಿಯುತ್ತ ಜಗಲಿಯಲ್ಲಿ ಕೂರುತ್ತಿದ್ದ. ಸೇತುವೆಯ ಮೇಲೆ ಸದ್ದು ಎದ್ದರೆ ಕೈಯಲ್ಲಿನ ಲೋಟ ಅಲ್ಲೇ ನಿಲ್ಲುತ್ತಿತ್ತು. ಹಳೇ ಡೀಸೆಲ್ ಎಂಜಿನ್ನುಗಳು ಒಂದೊಂದೂ ಒಂದೊಂದು ರೀತಿ ಉಬ್ಬಸ ಬಿಡುತ್ತವೆ ಎಂದು ಅವನು ಹೇಳಿದ ಮೇಲೆ ನನಗೂ ಕೇಳತೊಡಗಿತು. ಲಾರಿಗಳನ್ನು ಹೊತ್ತ ರೈಲು ಬಂದರೆ, ಅದರಲ್ಲಿ ತುಂಬಿದ ಲಾರಿ ಯಾವ ಕಡೆಗೆ, ಖಾಲಿ ಲಾರಿ ಯಾವ ಕಡೆಗೆ ಎಂದು ಹೇಳುತ್ತಿದ್ದ. ಸರಿಯೋ ತಪ್ಪೋ ನನಗೆ ತಿಳಿಯದು. ಅವನ ಮಾತಿನಲ್ಲಿ ‘ಇರಬಹುದು’ ಎಂಬ ಪದ ಇರಲಿಲ್ಲ, ಅಷ್ಟು ಗೊತ್ತು. ಇದೆ ಎನ್ನುತ್ತಿದ್ದ, ಇಲ್ಲವೇ ಗೊತ್ತಾಗಲಿಲ್ಲ ಎನ್ನುತ್ತಿದ್ದ.

ಆಮೇಲೆ ಹಳಿಯ ಪಕ್ಕ ಕಂಬಗಳು ಬಂದವು, ತಂತಿ ಬಂತು. ಕರೆಂಟಿನ ಎಂಜಿನ್ನುಗಳು ಬಂದವು. ಅಣ್ಣನಿಗೆ ಅವು ಬೇಡವೆಂದಲ್ಲ, ಅವುಗಳ ಸದ್ದಿನಲ್ಲಿ ಗುರುತು ಸಿಗುತ್ತಿರಲಿಲ್ಲ. "ಎಲ್ಲಾ ಒಂದೇ. ಹಿಟ್ಟಿನ ಗಿರಣಿ ಹಾಗೆ" ಎಂದ. ಅಲ್ಲಿಂದ ನನ್ನ ಕಣ್ಣಿನ ಕೆಲಸ ಶುರುವಾಯಿತು. ಸಂತೆಗೆ, ಆಸ್ಪತ್ರೆಗೆ, ಎಲ್ಲಿಗೆ ಹೋದರೂ ದಾರಿಯಲ್ಲಿ ಕಂಡ ಗಾಡಿಯ ಎಂಜಿನ್ ನೋಡಿ ಬಂದು ಹೇಳುವುದು. ಅಂಕಣದಲ್ಲಿ ಅವನು ಹಾಗೆಯೇ ಬರೆಸುತ್ತಿದ್ದ, ‘ತಂಗಿ ನೋಡಿದಳು’ ಎಂದು. ನೋಡಿದ್ದು, ಕೇಳಿದ್ದು ಎಂಬ ಎರಡರ ಜೊತೆಗೆ ಅವನು ಸೇರಿಸಿಕೊಂಡ ಮೂರನೆಯದು ಅದೊಂದೇ.

ಸಂಜೆಯ ಪ್ಯಾಸೆಂಜರಿಗೆ ಡೀಸೆಲ್ ಇರುವುದು ಇಂಥ ದಿನ ಕಡೆ, ಮರುದಿನದಿಂದ ಕರೆಂಟು ಎಂದು ಪತ್ರಿಕೆಯವರಿಗೆ ಸುದ್ದಿ ಬಂದಿತ್ತು. ಗಾಡಿ ಭಟ್ಕಳದಿಂದ ಬಂದು, ನಮ್ಮ ಸೇತುವೆ ದಾಟಿ, ಹೊನ್ನಾವರ ಬಿಟ್ಟು ಕುಮಟಾಕ್ಕೆ ಹೋಗುವುದು. ಕುಮಟಾದಲ್ಲಿ ಎದುರಿನ ಗಾಡಿಗೆ ದಾರಿ ಬಿಡಲು ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಅದೇ ದಿನ ಕಾಗಾಲದಲ್ಲಿ ನನ್ನ ಗಂಡನ ಕಡೆಯ ಹುಡುಗಿಯ ಮದುವೆ. ಅಣ್ಣನ ಲೆಕ್ಕಾಚಾರ ಚೊಕ್ಕವಾಗಿತ್ತು: ನಾನು ಮದುವೆ ಮುಗಿಸಿ ಸಂಜೆ ಕುಮಟಾ ಸ್ಟೇಷನ್ನಿಗೆ ಹೋಗುವುದು, ನಿಂತ ಎಂಜಿನ್ನನ್ನು ನಿಧಾನಕ್ಕೆ ನೋಡುವುದು, ಅವನು ಜಗಲಿಯಲ್ಲಿ ಕೂತು ಸೇತುವೆಯ ಸದ್ದು ಕೇಳುವುದು. ಎರಡೂ ಸೇರಿಸಿ ಬರೆಯುವುದು.

"ಮರೆತುಬಿಟ್ಟೀಯೆ" ಎಂದ ಹೊರಡುವಾಗ.

"ಎಂತ ಮರೀತೆ? ಮದಿಮಗಳನ್ನ ಕಳಿಸಿ, ಎಂಜಿನ್ನೂ ಕಳಿಸಿ ಬತ್ತೆ" ಎಂದೆ.

ಮದುವೆ ಮನೆಯಲ್ಲಿ ಹೆಣ್ಣು ಹೊರಡುವ ಹೊತ್ತು ತಡವಾಯಿತು. ಗಂಡಿನ ಕಡೆಯ ಜೀಪು ಬಂದಿರಲಿಲ್ಲ. ಹೆಣ್ಣು ಕಳಿಸುವ ಹಾಡು ಎತ್ತಿದವಳು, ಹೆಣ್ಣು ಹೊಸ್ತಿಲು ದಾಟುವವರೆಗೆ ಏಳಬಾರದು. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಕಟ್ಟಳೆ. ನಾನು ಬಹಳ ದಿನ ಇದನ್ನೇ ನೆವ ಮಾಡಿಕೊಂಡಿದ್ದೆ. ಆದರೆ ನಿಜ ಬೇರೆ. ಹಾಡು ಎತ್ತುವ ಮೊದಲೇ ಹೊತ್ತಾದದ್ದು ನನಗೆ ತಿಳಿದಿತ್ತು. ಬೇರೆಯವಳು ಎತ್ತಲಿ ಎಂದು ಹೇಳಿ ಎದ್ದು ಹೋಗಬಹುದಿತ್ತು. ನನ್ನ ಓರಗಿತ್ತಿ ತಯಾರಾಗಿಯೇ ಕೂತಿದ್ದಳು. "ನೀ ಹೋಗೂದಾದ್ರೆ ಹೋಗೇ, ನಾ ಇದ್ದೆ" ಎಂದೂ ಅಂದಳು. ಅವಳು ಎತ್ತಿದರೆ ಮುಂದಿನ ಮದುವೆಗೆ ಅವಳನ್ನೇ ಕರೆಯುತ್ತಾರೆ ಎಂದು ನನಗೆ ಅನಿಸಿತು. ಕಾಗಾಲ ಬಿಟ್ಟು ಹೊನ್ನಾವರ ಸೇರಿದವಳಿಗೆ ಆ ಮನೆಗಳಲ್ಲಿ ಉಳಿದಿದ್ದ ಜಾಗ ಅದೊಂದೇ. "ಇಲ್ಲ, ನಾನೇ ಎತ್ತೂದು" ಎಂದು ಕೂತೆ. ಗಟ್ಟಿಯಾಗಿ, ಚೆನ್ನಾಗಿ ಹಾಡಿದೆ. ಹೆಣ್ಣು ಅತ್ತಳು, ಹೆಣ್ಣಿನ ತಾಯಿ ಅತ್ತಳು, ನಾನೂ ಅತ್ತೆ. ಗಾಡಿ ಆ ಹೊತ್ತಿಗೆ ಕುಮಟಾ ದಾಟಿ ಹೋಗಿತ್ತು.

ಬಸ್ಸಿನಲ್ಲಿ ಬರುವಾಗ, ಸಿಗಲಿಲ್ಲ ಎಂದು ಹೇಳಿಬಿಡುವುದು ಎಂದುಕೊಂಡಿದ್ದೆ. ದೇವರಾಣೆ ಹಾಗೇ ಅಂದುಕೊಂಡಿದ್ದೆ. ಮನೆಗೆ ಬಂದರೆ ಅಣ್ಣ ಜಗಲಿಯ ತುದಿಗೆ ಬಂದು ಕೂತಿದ್ದ. ನನ್ನ ಹೆಜ್ಜೆ ಕೇಳಿದವನೇ ಕೇಳಿದ:

"ತಂಗೀ, ಸೇತುವೆ ಮೇಲೆ ಹೋಗುವಾಗ ನನಗೆ ಡೀಸೆಲ್ ಸದ್ದು ಬರಲೇ ಇಲ್ಲ. ಎಂತ ಆತು? ಗಾಳಿ ಆಚೆ ಇತ್ತನಾ?"

ಗಾಳಿ ಆಚೆ ದಡದ ಕಡೆ ಬೀಸಿದರೆ ಎಂಜಿನ್ನಿನ ಸದ್ದು ನಮ್ಮ ಮನೆಗೆ ಸರಿಯಾಗಿ ಮುಟ್ಟುವುದಿಲ್ಲ. ಮುಖ ಅಷ್ಟು ಸಣ್ಣದಾಗಿತ್ತು. ಅವನು ಕಾದು ಕೂತದ್ದು ಆ ಸದ್ದಿಗೆ. ನನ್ನ ಬಾಯಿಂದ ಬಂತು: "ಹೌದು. ಗಾಳಿ ಆಚೇನೇ ಇತ್ತು."

ಒಂದು ಮಾತು ಹಾಗೆ ಹೊರಟ ಮೇಲೆ ಉಳಿದದ್ದೆಲ್ಲ ಹಾಡಿನ ಹಾಗೆ ತನ್ನಷ್ಟಕ್ಕೇ ಬಂತು. ಗಂಟಲಲ್ಲಿ ಇನ್ನೂ ಮದುವೆಯ ಹಾಡು ಇತ್ತು. ಎಂಜಿನ್ನಿಗೆ ಗೊಂಡೆಹೂವಿನ ಮಾಲೆ ಹಾಕಿದ್ದರು ಎಂದೆ. ಹೊರಡುವ ಮೊದಲು ಮೂರು ಸಲ ಕೂಗಿತು ಎಂದೆ. ಹೊರಟದ್ದು ಮತ್ತೆ ಒಂಚೂರು ಹಿಂದೆ ಸರಿದು, ಹೊಸ್ತಿಲಲ್ಲಿ ನಿಂತ ಹೆಣ್ಣು ತಿರುಗಿ ನೋಡಿದ ಹಾಗೆ ಮಾಡಿ, ಆಮೇಲೆ ಹೋಯಿತು ಎಂದೆ. ಹೊಗೆ ತೆಂಗಿನ ಮರಕ್ಕೆ ಬಿಚ್ಚಿದ ಕೂದಲ ಹಾಗೆ ಸುತ್ತಿಕೊಂಡಿತು ಎಂದೆ. ಅಣ್ಣ ಅಲುಗಾಡದೆ ಕೇಳಿದ. ಕಡೆಗೆ "ಅಬ್ಬ" ಎಂದ. "ನನ್ನ ಕಣ್ಣಿದ್ದಿದ್ರೂ ನಾ ಇಷ್ಟು ನೋಡ್ತಿರಲಿಲ್ಲ."

ಆ ಅಂಕಣ ಬಂದ ಮೇಲೆ ಮನೆಗೆ ಬಂದಷ್ಟು ಫೋನುಗಳು ಅದಕ್ಕೆ ಮೊದಲು ಎಂದೂ ಬಂದಿರಲಿಲ್ಲ. ಗಾರ್ಡು ಫೋನಿನಲ್ಲೇ ಗದ್ಗದರಾದರು. ಟೀಚರಮ್ಮ ನನ್ನನ್ನೇ ಕರೆದು, "ಬರೆಯುವ ಕಣ್ಣು ನಿಮ್ಮದು" ಎಂದರು. ಭಟ್ಕಳದಿಂದ ಮಾತ್ರ ಆ ಭಾನುವಾರ ಫೋನು ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. "ಹೊಟ್ಟೆಕಿಚ್ಚು ಸಾಯ್ಬ್ರಿಗೆ" ಎಂದು ಅಣ್ಣ ನಗುತ್ತಿದ್ದ.

ಮುಂದಿನ ಸಂಚಿಕೆ ಬಂತು. ಅಣ್ಣ ಎಂದಿನ ಹಾಗೆ "ಮೊದಲು ಭಟ್ಕಳ ಓದು, ಯಾರು ಬಲೆಗೆ ಬಿದ್ರು ನೋಡುವ" ಎಂದ. ಅಣ್ಣನ ಹೆಸರು ಕಾಣುತ್ತಲೇ ನನಗೆ ತಿಳಿಯಿತು. ಬಿಟ್ಟು ಮುಂದಿನದು ಓದಬಹುದಿತ್ತು, ಅವನಿಗೇನು ಕಾಣುತ್ತಿತ್ತೇ? ಆದರೆ ಓದಿದೆ. ಸಾಯ್ಬ್ರು ಬರೆದದ್ದು ಇಷ್ಟೇ: ಬದಲಾವಣೆ ಒಂದು ದಿನ ಮೊದಲೇ ಆಗಿಹೋಗಿತ್ತು. ಗೆಳೆಯರು ಬರೆದ ದಿನ ಆ ಗಾಡಿ ಭಟ್ಕಳ ಬಿಟ್ಟದ್ದು ಕರೆಂಟಿನ ಎಂಜಿನ್ನಿನಲ್ಲಿ. ನಾನೇ ಪ್ಲಾಟ್‌ಫಾರ್ಮಿನಲ್ಲಿ ಇದ್ದೆ, ಹೂವು ಇರಲಿಲ್ಲ. ಡೀಸೆಲ್ ಹಿಂದಿನ ದಿನ, ಯಾರಿಗೂ ಹೇಳದೆ ಹೋಯಿತು.

ಅಣ್ಣ ನನ್ನ ಕಡೆ ಮುಖ ಮಾಡಿ ಕೇಳಿದ.

"ನೀ ನೋಡಿದ್ದು ಹೌದಲ್ದಾ?"

ಇದು ಎರಡನೆಯ ಸಲ. ಮೊದಲನೆಯದು ಬಾಯಿ ತಪ್ಪಿ ಬಂದದ್ದು ಎನ್ನಬಹುದು. ಇದು ಹಾಗಲ್ಲ. ಇಲ್ಲಿ ಅವನು ಕೇಳಿದ, ನಾನು ಯೋಚನೆ ಮಾಡಿದೆ, ಯೋಚನೆ ಮಾಡಿ ಹೇಳಿದೆ.

"ನೋಡಿದ್ದೆ."

"ಆತು" ಎಂದ.

ಮುಂದಿನ ಸಂಚಿಕೆಗೆ ಅವನು ಕಳಿಸಿದ್ದು ‘ಒಪ್ಪುವುದಿಲ್ಲ. ತಂಗಿ ನೋಡಿದ್ದಾಳೆ’ ಎಂದು. ಆ ಪತ್ರಿಕೆಯಲ್ಲಿ ಅಂಥ ಉತ್ತರ ಮೊದಲು ಬಂದದ್ದಿರಲಿಲ್ಲವಂತೆ. ಸಾಯ್ಬ್ರು ಫೋನು ಮಾಡಿದರು.

"ಗುಮಾಸ್ತರೇ, ನಾನು ಅಲ್ಲೇ ಇದ್ದೆ. ಬೇಕಾದ್ರೆ ಸ್ಟೇಷನ್ನಿನವರನ್ನ ಕೇಳುವ."

"ಯಾರನ್ನೂ ಕೇಳೂದು ಬೇಡ. ನನ್ನ ತಂಗಿ ಸುಳ್ಳು ಹೇಳ್ತಾಳೆ ಅಂತ ಹೇಳ್ತೀರಾ? ಅಷ್ಟು ಹೇಳಿ, ಸಾಕು."

ಆ ಕಡೆ ಅವರ ಅಂಗಡಿಯಲ್ಲಿ ಯಾರೋ ಕೊಡೆ ಬಿಚ್ಚಿ ನೋಡುವ ಸದ್ದು ಕೇಳಿತು.

"ಇಲ್ಲ. ಹಾಗೆ ನಾನು ಹೇಳೂದಿಲ್ಲ" ಎಂದರು.

ಅಲ್ಲಿಗೆ ಭಾನುವಾರದ ಫೋನು ಪೂರ್ತಿ ನಿಂತಿತು. ನಾನು ಒಳಗೆ ಒಲೆಯ ಎದುರು ನಿಂತಿದ್ದೆ. ನನ್ನ ಮಾನ ಉಳಿಸಲು ಅಷ್ಟು ವರ್ಷದ ಗೆಳೆಯರಿಬ್ಬರು ಮಾತು ಬಿಟ್ಟರು. ನಾನು ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ನೋಡುತ್ತಿದ್ದೆ.

ಗೆಳೆತನ ಹೋದದ್ದು ಒಂದು. ಅದಕ್ಕಿಂತ ಹೆಚ್ಚಿನದು ಹೋದದ್ದು ನನಗೆ ತಡವಾಗಿ ತಿಳಿಯಿತು. ಅಣ್ಣ ಆ ಸಂಜೆ ಸೇತುವೆಯಲ್ಲಿ ಕೇಳಿದ್ದು ಕರೆಂಟಿನ ಎಂಜಿನ್ನನ್ನೇ. ಅವನ ಕಿವಿ ಸರಿಯಾಗಿಯೇ ಹೇಳಿತ್ತು. ಆದರೆ ನಾನು ನೋಡಿದ್ದು ನಿಜವಾದರೆ ಅವನು ಕೇಳಿದ್ದು ಸುಳ್ಳಾಗಬೇಕು. ಅವನು ನನ್ನನ್ನು ನಂಬಿ ತನ್ನ ಕಿವಿಯನ್ನು ಬಿಟ್ಟ.

ಒಂದು ದಿನ ಅಂಗಳದಲ್ಲಿ ಮುರುಗಲ ಹಣ್ಣಿನ ಸಿಪ್ಪೆ ಒಣಗಿಸುತ್ತಿದ್ದೆ. ಸೇತುವೆಯ ಮೇಲೆ ಸದ್ದೆದ್ದಿತು. ಹಳಿ ಕೆಲಸದ ಯಾವುದೋ ಗಾಡಿ, ಅದಕ್ಕೆ ಡೀಸೆಲ್ ಎಂಜಿನ್. ನನಗೇ ಗೊತ್ತಾಗುವಷ್ಟು ಸ್ಪಷ್ಟ ಉಬ್ಬಸ. ಅಣ್ಣನ ಕೈಯ ಲೋಟ ನಿಂತಿತು. ಮುಖ ಅರಳಿತು. ಆಮೇಲೆ ಲೋಟ ಕೆಳಗಿಟ್ಟು, "ತಂಗೀ, ಅದು ಡೀಸೆಲ್ಲನಾ?" ಎಂದ.

"ಹೌದು. ಡೀಸೆಲ್ಲೇ."

"ಇರಬಹುದು" ಎಂದ. "ಈಗೀಗ ನನಗೆ ಸರಿ ತಿಳಿಯೂದಿಲ್ಲ."

ಆ ಪದ ಅವನ ಅಂಕಣಕ್ಕೂ ಬಂತು. ಇರಬಹುದು, ಇರಬೇಕು, ಹಾಗೆ ಕೇಳಿತು, ಗೊತ್ತಿಲ್ಲ. ನಾನೇ ಓದಿ ಹೇಳಬೇಕಲ್ಲ, ಒಂದೊಂದು ಸಲ ಬಂದಾಗಲೂ ನಾಲಿಗೆ ತಡವರಿಸುತ್ತಿತ್ತು. ಅಂಕಣ ಸಣ್ಣದಾಗುತ್ತ ಹೋಯಿತು. ಬೆಳಿಗ್ಗೆ ಜಗಲಿಯಲ್ಲಿ ಕೂರುವುದು ಕಡಿಮೆಯಾಯಿತು. ಒಳಗೆ ಕೂತು ರೇಡಿಯೋ ಹಚ್ಚಿಕೊಳ್ಳುತ್ತಿದ್ದ, ಸೇತುವೆಯ ಸದ್ದು ಕೇಳದಷ್ಟು ಗಟ್ಟಿಯಾಗಿ.

ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದೆ ಎಂದು ಬರೆದರೆ ಅದೂ ನನ್ನನ್ನು ಚಂದ ಮಾಡಿಕೊಂಡ ಹಾಗಾಗುತ್ತದೆ. ಬಾಯಿ ತೆರೆದದ್ದು ಕಡಿಮೆ. ಹೆಚ್ಚಿನ ದಿನ ಕೆಲಸವಿತ್ತು, ಮರೆತಿದ್ದೆ. ಮರೆಯಲು ಆಗುತ್ತಿತ್ತು ಎಂಬುದೇ ಈಗ ನಾಚಿಕೆ. ಮದುವೆ ಮನೆಗಳಿಂದ ಕರೆ ಬರುತ್ತಿತ್ತು, ಹೋಗುತ್ತಿದ್ದೆ, ಹಾಡು ಎತ್ತುತ್ತಿದ್ದೆ.

ಎರಡು ಮಳೆಗಾಲ ಕಳೆದವು. ಈ ಸಲದ ಸಂಚಿಕೆ ಬಂದದ್ದು ಬಿಸಿಲು ಬಿದ್ದ ಒಂದು ಬೆಳಿಗ್ಗೆ. ಅಣ್ಣ ಈಗ "ಮೊದಲು ಭಟ್ಕಳ" ಎನ್ನುವುದಿಲ್ಲ. ನಾನು ಪುಟದ ಸಾಲಿಗೆ ಓದುತ್ತ ಹೋದೆ. ತಿದ್ದುಪಡಿಯ ಪುಟ ಬಂತು. ಅಲ್ಲಿ ಇದ್ದದ್ದು ನಾಲ್ಕೇ ಸಾಲು.

‘ಇದು ನನ್ನ ಕಡೆಯ ತಿದ್ದುಪಡಿ. ಇದು ನನ್ನದೇ ತಪ್ಪಿನದು. ಕಡೆಯ ಡೀಸೆಲ್ಲಿನ ಬಗ್ಗೆ ಹಿಂದೆ ನಾನು ಬರೆದದ್ದು ಸರಿ ಇರಲಿಕ್ಕಿಲ್ಲ. ನನಗೂ ವಯಸ್ಸಾಯಿತು, ದಿನ ತಪ್ಪಿರಬೇಕು. ಕುಮಟಾದಲ್ಲಿ ನಿಂತು ನೋಡಿದವರ ಮಾತಿಗೆ ಒಪ್ಪಿದೆ.’

"ಇನ್ನೊಂದ್ಸಲ ಓದು" ಎಂದ ಅಣ್ಣ. ಓದಿದೆ. ಕಡೆಯ ಪದ ‘ಒಪ್ಪಿದೆ’ ಎಂದೇ ಇತ್ತು. ಎಲ್ಲರಿಂದ ಆ ಪದ ಬರೆಸಿದವರು, ತಪ್ಪಿಲ್ಲದೆ ತಾವೇ ಬರೆದುಕೊಂಡಿದ್ದರು.

ಅಣ್ಣ ಗೆದ್ದೆ ಎಂದು ನಗಬಹುದಿತ್ತು. ನಗಲಿಲ್ಲ. "ಸಾಯ್ಬ್ರು ಹೀಗೆ ಬರೆಯೂ ಮನುಷ್ಯ ಅಲ್ಲ. ದಿನ ತಪ್ಪಿರಬೇಕು ಅಂದ್ರೆ ಎಂತ? ಆರೋಗ್ಯ ಸರಿ ಇಲ್ವೇನೋ ಅವರಿಗೆ" ಎಂದ. ಅಂಗಿ ಎಲ್ಲಿದೆ ಎಂದು ಕೇಳಿದ. ಮರುದಿನವೇ ನಾವಿಬ್ಬರೂ ಭಟ್ಕಳಕ್ಕೆ ಹೊರಟೆವು.

ಹೊನ್ನಾವರ ಸ್ಟೇಷನ್ನಿನಲ್ಲಿ ಅವನ ಕೈ ಹಿಡಿದು ನಿಂತಿದ್ದೆ. ಗಾಡಿ ಬರುವಾಗ ಕೇಳಿದ, "ಎಂತ ಎಂಜಿನ್?"

"ಕರೆಂಟಿಂದು. ಬಿಳಿ, ಕೆಂಪು ಪಟ್ಟಿ. ನಂಬರು ಓದೂದ್ರೊಳಗೆ ದಾಟಿಹೋತು. ಸಿಗಲಿಲ್ಲ."

"ಸಿಗಲಿಲ್ಲ ಅಂದ್ರೆ ಅಡ್ಡಿಲ್ಲ" ಎಂದ ಅಣ್ಣ. "ಅಷ್ಟೇ ಹೇಳಿದ್ರೆ ಸಾಕು."

ಅವನು ಏನನ್ನೋ ಮನಸ್ಸಿನಲ್ಲಿ ಇಟ್ಟುಕೊಂಡು ಹೇಳಿದ್ದಲ್ಲ. ಮೊದಲಿನಿಂದಲೂ ಹೇಳುತ್ತಿದ್ದ ಮಾತೇ ಅದು. ಆ ಮದುವೆಯ ದಿನ ನಾನು ಹೇಳಬೇಕಿದ್ದದ್ದೂ ಅಷ್ಟೇ, ಸಿಗಲಿಲ್ಲ ಎಂದು. ಗಾಡಿ ಸೇತುವೆಗೆ ಹತ್ತಿತು. ಕೆಳಗೆ ನದಿ ಅಗಲಕ್ಕೆ ಹರಡಿ ಹೊಳೆಯುತ್ತಿತ್ತು, ಚಿಪ್ಪು ತೆಗೆಯುವವರ ದೋಣಿಗಳು ನಿಂತಿದ್ದವು. ಅಣ್ಣ ಕಿಟಕಿಯ ಸರಳಿಗೆ ಕಿವಿ ಕೊಟ್ಟು ಕೂತಿದ್ದ. ಇಲ್ಲೇ ಹೇಳಿಬಿಡುವುದು ಎಂದುಕೊಂಡೆ. ಸೇತುವೆ ಉದ್ದವಿದೆ, ಹೇಳಲು ಬೇಕಾದಷ್ಟು ಹೊತ್ತಿತ್ತು. ಸೇತುವೆ ಮುಗಿಯಿತು.

ಅಂಗಡಿಯಲ್ಲಿ ಸಾಯ್ಬ್ರು ಹಳೇ ಕೊಡೆಯೊಂದಕ್ಕೆ ಕಡ್ಡಿ ಕೂರಿಸುತ್ತಿದ್ದರು. ಗಡ್ಡ ಪೂರ್ತಿ ಬಿಳಿಯಾಗಿತ್ತು. ಅಣ್ಣನನ್ನು ಕಂಡವರೇ ಎದ್ದು ಬಂದು ಇನ್ನೊಂದು ಕೈ ಹಿಡಿದು ಕೂರಿಸಿದರು.

"ಎಂತ ಗುಮಾಸ್ತರೇ, ದಾರಿ ತಪ್ಪಿತಾ?"

"ದಾರಿ ತಪ್ಪಲಿಲ್ಲ. ಗಾಡಿ ಲೇಟು."

"ಎರಡು ವರ್ಷ ಲೇಟಾ?"

"ಸಿಗ್ನಲ್ ಸಿಗಲಿಲ್ಲ ಮಾರಾಯ್ರೆ."

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು. 'ಚಾಯ್' ಎಂದು ಸಾಯ್ಬ್ರು ಎದುರಿನ ಹೋಟೆಲಿಗೆ ಕೂಗಿದರು. ಚಾ ಬಂತು, ಒಂದು ತಟ್ಟೆಯಲ್ಲಿ ಹಲ್ವ ಬಂತು. ಅಣ್ಣನಿಗೆ ಸಕ್ಕರೆ ಇಲ್ಲದ ಚಾ ಎಂದು ಅವರು ಕೇಳದೆಯೇ ಹೇಳಿದ್ದರು. ಆರೋಗ್ಯ ಹೇಗಿದೆ ಎಂದು ಅಣ್ಣ ಕೇಳಿದ. ಮಂಡಿ ನೋವು ಬಿಟ್ಟರೆ ಎಲ್ಲ ಸರಿ ಎಂದರು.

"ಮತ್ತೆ ಕಡೆಯ ತಿದ್ದುಪಡಿ ಅಂತ ಯಾಕೆ ಬರೆದ್ರಿ?"

"ಬರೆದದ್ದು ಸಾಕಾಯ್ತು."

"ನಿಮಗೆ ದಿನ ತಪ್ಪಿತಾ ನಿಜವಾಗಿ?"

ಸಾಯ್ಬ್ರು ಕೊಡೆಯನ್ನು ಮತ್ತೆ ಕೈಗೆ ತೆಗೆದುಕೊಂಡರು. "ವಯಸ್ಸಾಯ್ತಲ್ಲ" ಎಂದರು. ಹಾಗೆನ್ನುವಾಗ ನನ್ನ ಮುಖ ನೋಡಲಿಲ್ಲ. ಅವರು ನನ್ನ ಮುಖ ನೋಡದೆ ಇದ್ದದ್ದರಿಂದಲೇ, ಅವರಿಗೆ ಎಲ್ಲ ಗೊತ್ತಿದೆ ಎಂದು ನನಗೆ ತಿಳಿಯಿತು.

ಅಣ್ಣ ಲೋಟ ಕೆಳಗಿಟ್ಟ. "ನನಗೂ ಸಾಕಾತು ಸಾಯ್ಬ್ರೇ. ಒಂದು ವಿಷಯ ನಿಮಗೆ ಹೇಳಿರಲಿಲ್ಲ. ಆ ದಿನ ಸೇತುವೆ ಮೇಲೆ ನನಗೂ ಡೀಸೆಲ್ ಕೇಳಲಿಲ್ಲ. ನಿಮ್ಮ ಹಾಗೇ ಕರೆಂಟು ಅಂತಲೇ ಕೇಳಿದ್ದು. ತಂಗಿ ನೋಡಿ ಬರದಿದ್ರೆ ನಾನೂ ಹಾಗೇ ಬರೆದುಬಿಡ್ತಿದ್ದೆ, ಇಬ್ಬರೂ ಒಟ್ಟಿಗೆ ತಪ್ಪು. ಕಣ್ಣು ಹೋದಾಗ ಕಿವಿ ಇದ್ದು ಅಂದುಕೊಂಡೆ. ಅದೂ ಹೋತು. ನಿಮ್ಮದು ನಿಂತ ಮೇಲೆ ನನ್ನದೂ ನಿಲ್ಲಿಸುವ. ಮುಂದಿನ ಸಂಚಿಕೆಗೆ ಹೇಳಿಬಿಡ್ತೆ."

ಅವನು ಅಳುವ ದನಿಯಲ್ಲಿ ಹೇಳಿದ್ದಲ್ಲ. ಊರಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವ ಹಾಗೆ ಹೇಳಿದ.

ಸಾಯ್ಬ್ರ ಕೈ ಕೊಡೆಯ ಮೇಲೆ ನಿಂತಿತು. ಏನೋ ಹೇಳಲು ಹೊರಟವರು, ನನ್ನ ಕಡೆ ಒಮ್ಮೆ ನೋಡಿ, ಬಾಯಿ ಮುಚ್ಚಿಕೊಂಡರು. ಆಮೇಲೆ, "ತಂಗೀ, ಚಾ ಆರ್ತದೆ, ಕುಡಿ" ಎಂದರು.

ಆಗಲೂ ಅವರು ನನ್ನನ್ನು ಉಳಿಸಲು ನೋಡುತ್ತಿದ್ದರು. ನಾನು ಚಾ ಲೋಟ ಮೇಜಿನ ಮೇಲೆ ಇಟ್ಟೆ. ಎದ್ದು ಅಣ್ಣನ ಹತ್ತಿರ ಹೋದೆ. ಹಾಡು ಎತ್ತುವಾಗ ನನ್ನ ದನಿ ಎಂದೂ ನಡುಗಿದ್ದಿಲ್ಲ, ಅಲ್ಲಿ ನಡುಗಿತು. ಆದರೂ ರಸ್ತೆಯಲ್ಲಿ ಹೋಗುವವರಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ.

"ಅಣ್ಣಾ, ನಿನ್ನ ಕಿವಿ ಸರಿ ಇತ್ತು. ಸಾಯ್ಬ್ರು ಬರೆದದ್ದೂ ಸರಿ ಇತ್ತು. ಗಾಳಿ ಆಚೆ ಇರಲಿಲ್ಲ. ನಾನು ಕುಮಟಾ ಸ್ಟೇಷನ್ನಿಗೆ ಹೋಗಲೇ ಇಲ್ಲ, ಮದುವೆ ಮನೇಲಿ ಕೂತು ಹಾಡ್ತಾ ಇದ್ದೆ. ತಪ್ಪಾತು, ಅಣ್ಣಾ. ಸಾಯ್ಬ್ರೇ, ನಿಮಗೂ ತಪ್ಪಾತು."